ಎಲೆಕ್ಟ್ರಿಕ್ ಗಿಟಾರಿನ ‘ಗುಂಯ್’ ಸದ್ದು: ಮೂಲ ಪತ್ತೆ, ಪರಿಹಾರ ಮತ್ತು ಎಚ್ಚರ

ಚಿತ್ರದುರ್ಗ ಮತ್ತು ದಾವಣಗೆರೆಗಳ ನಡುವೆ ರಾಷ್ಟ್ರೀಯ ಹೆದ್ದಾರಿ 48ರ ಬದಿಯಲ್ಲಿರುವ ಭರಮಸಾಗರದಂತಹ ಊರುಗಳಲ್ಲಿ ಗಣೇಶೋತ್ಸವ, ಜಾತ್ರೆ, ರಾಜ್ಯೋತ್ಸವಗಳ ರಾತ್ರಿ ರಸಮಂಜರಿ ಕಾರ್ಯಕ್ರಮ ಏರ್ಪಡುವುದು ವಾಡಿಕೆ. ಶಾಮಿಯಾನದ ಕೆಳಗೆ ತಾತ್ಕಾಲಿಕ ವೇದಿಕೆ, ಸುತ್ತಲೂ ಸೀರಿಯಲ್ ಸೆಟ್ ದೀಪಗಳು, ಪಕ್ಕದಲ್ಲೊಂದು ಜನರೇಟರ್. ಹಾಡು ಮುಗಿದು ನಿರೂಪಕರು ಮಾತು ಆರಂಭಿಸುವ ಹೊತ್ತಿಗೆ ಉಳಿದೆಲ್ಲ ವಾದ್ಯಗಳು ಮೌನವಾಗಿದ್ದರೂ ಗಿಟಾರಿನ ಸ್ಪೀಕರ್ ಮಾತ್ರ ‘ಗುಂಯ್’ ಎನ್ನುತ್ತಲೇ ಇರುತ್ತದೆ. ‘ಹಮ್’ ಎಂದು ಕರೆಯಲಾಗುವ ಈ ಸದ್ದು ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಗಿಟಾರ್ ಕಲಿಯುತ್ತಿರುವವರಿಗೂ ಅಷ್ಟೇ ಪರಿಚಿತ.

ಹಮ್ ಕೇಳಿಬಂದ ಕೂಡಲೇ ಪಿಕಪ್ ಬದಲಿಸುವವರುಂಟು, ಹೊಸ ಆಂಪ್ಲಿಫೈಯರ್ ಕೊಳ್ಳುವವರೂ ಉಂಟು. ವಾಸ್ತವವಾಗಿ ಈ ಸದ್ದಿಗೆ ಕಾರಣ ಒಂದೇ ಅಲ್ಲ. ಮೂಲ ಯಾವುದೆಂದು ಗುರುತಿಸದೆ ಮಾಡುವ ಖರ್ಚು ಬಹುಪಾಲು ವ್ಯರ್ಥ. ಅದಕ್ಕಿಂತ ಗಂಭೀರವಾದ ಸಂಗತಿಯೆಂದರೆ, ಹಮ್ ನಿಲ್ಲಿಸಲು ಕೆಲವೆಡೆ ಅನುಸರಿಸುವ ಒಂದು ಸುಲಭೋಪಾಯ ವಾದಕನ ಪ್ರಾಣಕ್ಕೇ ಎರವಾಗಬಲ್ಲದು.

ಸದ್ದು ಹುಟ್ಟುವ ಬಗೆ

ಸಿಂಗಲ್ ಕಾಯಿಲ್ ಪಿಕಪ್ ಎಂದರೆ ಅಯಸ್ಕಾಂತದ ಸುತ್ತ ಕೂದಲೆಳೆಯಷ್ಟು ಸೂಕ್ಷ್ಮವಾದ ತಾಮ್ರದ ತಂತಿಯನ್ನು ಸಾವಿರಾರು ಬಾರಿ ಸುತ್ತಿದ ಒಂದೇ ಸುರುಳಿ. 1954ರಲ್ಲಿ ಮಾರುಕಟ್ಟೆಗೆ ಬಂದ ಫೆಂಡರ್ ಸ್ಟ್ರಾಟೊಕ್ಯಾಸ್ಟರ್ ಮಾದರಿಯ ಗಿಟಾರುಗಳಲ್ಲಿ ಇಂತಹ ಮೂರು ಪಿಕಪ್‌ಗಳಿರುತ್ತವೆ. ಉಕ್ಕಿನ ತಂತಿ ಕಂಪಿಸಿದಾಗ ಕಾಂತಕ್ಷೇತ್ರ ಅಲುಗಾಡಿ ಸುರುಳಿಯಲ್ಲಿ ಅತ್ಯಲ್ಪ ಪ್ರಮಾಣದ ವಿದ್ಯುತ್ ಹುಟ್ಟುತ್ತದೆ. ಮೈಕೆಲ್ ಫ್ಯಾರಡೆ 1831ರಲ್ಲಿ ಕಂಡುಹಿಡಿದ ವಿದ್ಯುತ್ಕಾಂತೀಯ ಪ್ರೇರಣೆಯ ತತ್ವವೇ ಇದಕ್ಕೆ ಆಧಾರ.

ಆದರೆ ಈ ಸುರುಳಿಗೆ ಗಿಟಾರಿನ ತಂತಿ ಯಾವುದು, ಗೋಡೆಯೊಳಗಿನ ವಿದ್ಯುತ್ ತಂತಿ ಯಾವುದು ಎಂಬ ಭೇದ ತಿಳಿಯದು. ಭಾರತದಲ್ಲಿ ಮನೆಗಳಿಗೆ ಪೂರೈಕೆಯಾಗುವ 230 ವೋಲ್ಟ್ ವಿದ್ಯುತ್ತು ಸೆಕೆಂಡಿಗೆ 50 ಆವರ್ತನಗಳನ್ನು ಹೊಂದಿರುವುದರಿಂದ ಟ್ರಾನ್ಸ್‌ಫಾರ್ಮರ್, ಟ್ಯೂಬ್‌ಲೈಟಿನ ಹಳೆಯ ಚೋಕ್, ಫ್ಯಾನ್ ಮೊದಲಾದವುಗಳ ಸುತ್ತ ಅದೇ ವೇಗದಲ್ಲಿ ಬದಲಾಗುವ ಕಾಂತಕ್ಷೇತ್ರವಿರುತ್ತದೆ. ಅದನ್ನೂ ಪಿಕಪ್ ಸಂಗೀತವೆಂದೇ ಗ್ರಹಿಸಿ ಆಂಪ್ಲಿಫೈಯರಿಗೆ ರವಾನಿಸುತ್ತದೆ. 50 ಹರ್ಟ್ಸ್‌ನ ಜೊತೆಗೆ ಅದರ ಗುಣಕಗಳಾದ 100, 150 ಹರ್ಟ್ಸ್‌ಗಳೂ ಸೇರಿರುತ್ತವೆ. ಗಿಟಾರಿನ ಆರನೆಯ ತಂತಿಯನ್ನು ಮೂರನೆಯ ಮನೆಯಲ್ಲಿ ಒತ್ತಿ ಮೀಟಿದರೆ ಬರುವ ಸ್ವರ 98 ಹರ್ಟ್ಸ್. ಹಮ್ ಆ ಸ್ವರಕ್ಕೆ ಬಹಳ ಹತ್ತಿರದಲ್ಲಿ ಕೇಳಿಸುವುದಕ್ಕೆ ಇದೇ ಕಾರಣ.

ಈ ದೋಷಕ್ಕೆ ಪರಿಹಾರವಾಗಿ ಗಿಬ್ಸನ್ ಸಂಸ್ಥೆಯ ತಂತ್ರಜ್ಞ ಸೆತ್ ಲವರ್ 1955ರಲ್ಲಿ ಎರಡು ಸುರುಳಿಗಳ ‘ಹಂಬಕರ್’ ಪಿಕಪ್ ರೂಪಿಸಿದರು. ವಿರುದ್ಧ ದಿಕ್ಕಿನ ಸುರುಳಿಗಳಲ್ಲಿ ಹೊರಗಿನ ಹಮ್ ಪರಸ್ಪರ ರದ್ದಾಗುತ್ತದೆ. ಅಯಸ್ಕಾಂತದ ಧ್ರುವಗಳನ್ನೂ ಅದಲು ಬದಲು ಮಾಡಿರುವುದರಿಂದ ತಂತಿಯ ನಾದ ಮಾತ್ರ ಕೂಡಿಕೊಳ್ಳುತ್ತದೆ. ಆದರೂ ಸಿಂಗಲ್ ಕಾಯಿಲ್‌ನ ಸ್ಪಷ್ಟ, ಗಂಟೆಯಂತಹ ನಾದವನ್ನು ಬಯಸುವವರು ಅದನ್ನು ಕೈಬಿಟ್ಟಿಲ್ಲ. ಆ ನಾದದೊಂದಿಗೆ ಸ್ವಲ್ಪ ಹಮ್ ಬರುವುದು ಸಹಜ ಎಂಬುದನ್ನು ಮೊದಲೇ ಒಪ್ಪಿಕೊಳ್ಳಬೇಕಾಗುತ್ತದೆ.

ಮೊದಲು ಅರ್ಥಿಂಗ್ ಪರೀಕ್ಷೆ

ಗಿಟಾರನ್ನು ಬಿಚ್ಚುವುದಕ್ಕೆ ಮೊದಲು, ತಂತಿಗಳನ್ನು ಮುಟ್ಟುವುದಕ್ಕೂ ಮೊದಲು, ಆಂಪ್ಲಿಫೈಯರ್ ಜೋಡಿಸಿದ ಸಾಕೆಟ್ಟಿನಲ್ಲಿ ಅರ್ಥಿಂಗ್ ಇದೆಯೇ ಎಂದು ಖಚಿತಪಡಿಸಿಕೊಳ್ಳಬೇಕು. ಗಿಟಾರಿನ ತಂತಿಗಳು ಬ್ರಿಡ್ಜ್ ಮೂಲಕ, ಕೇಬಲ್ಲಿನ ಹೊರಹೊದಿಕೆಯ ಮೂಲಕ ಆಂಪ್ಲಿಫೈಯರಿನ ಲೋಹದ ಚೌಕಟ್ಟಿಗೆ ಸೇರಿರುತ್ತವೆ. ಆ ಚೌಕಟ್ಟನ್ನು ಭೂಮಿಗೆ ಸೇರಿಸುವುದು ತ್ರೀ ಪಿನ್ ಪ್ಲಗ್ಗಿನ ಮೇಲಿನ ದಪ್ಪ, ಉದ್ದನೆಯ ಪಿನ್. ಒಳಗಿನ ಫೇಸ್ ತಂತಿ ಅಕಸ್ಮಾತ್ತಾಗಿ ಚೌಕಟ್ಟಿಗೆ ತಗುಲಿದರೆ ಅರ್ಥಿಂಗ್ ಇದ್ದಲ್ಲಿ ಫ್ಯೂಸ್ ಹೋಗುತ್ತದೆ. ಇಲ್ಲದಿದ್ದಲ್ಲಿ ವಾದಕನ ಬೆರಳ ಕೆಳಗಿನ ಆರೂ ತಂತಿಗಳಲ್ಲಿ 230 ವೋಲ್ಟ್ ನಿಂತಿರುತ್ತದೆ. ಅದೇ ವೇಳೆ ಆತನ ತುಟಿ ಭೂಮಿಗೆ ಸೇರಿದ ಮೈಕನ್ನು ಮುಟ್ಟಿದರೆ ವಿದ್ಯುತ್ತು ದೇಹದ ಮೂಲಕವೇ ಹರಿಯುತ್ತದೆ.

ಇದು ಕಾಲ್ಪನಿಕ ಭಯವಲ್ಲ. ಬ್ರಿಟನ್ನಿನ ‘ಸ್ಟೋನ್ ದ ಕ್ರೋಸ್’ ತಂಡದ ಗಿಟಾರ್ ವಾದಕ ಲೆಸ್ ಹಾರ್ವಿ 1972ರ ಮೇ ತಿಂಗಳಲ್ಲಿ ಸ್ವಾನ್ಸಿ ನಗರದ ವೇದಿಕೆಯಲ್ಲಿ ಮೈಕ್ ಮುಟ್ಟಿದಾಗ ವಿದ್ಯುದಾಘಾತಕ್ಕೆ ಬಲಿಯಾದರು. ‘ಯಾರ್ಡ್‌ಬರ್ಡ್ಸ್’ ತಂಡದ ಗಾಯಕರಾಗಿದ್ದ ಕೀತ್ ರೆಲ್ಫ್ 1976ರಲ್ಲಿ ತಮ್ಮ ಮನೆಯಲ್ಲೇ ಗಿಟಾರ್ ನುಡಿಸುತ್ತಿದ್ದಾಗ ಇದೇ ರೀತಿ ಮೃತಪಟ್ಟರು.

ಮನೆಯ ಸಾಕೆಟ್ಟಿನಲ್ಲಿ ಮಲ್ಟಿಮೀಟರ್ ಬಳಸಿ ಫೇಸ್ ಮತ್ತು ಅರ್ಥ್ ನಡುವೆ ಅಳೆದಾಗ ಸುಮಾರು 230 ವೋಲ್ಟ್, ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಕೆಲವೇ ವೋಲ್ಟ್ ತೋರಿಸಬೇಕು. ಹಾಗೆ ತೋರಿಸದಿದ್ದರೆ ಅರ್ಥಿಂಗ್ ಇಲ್ಲವೆಂದೇ ಭಾವಿಸಬೇಕು. ತೋರಿಸಿದರೂ ಅದು ಪ್ರಾಥಮಿಕ ಪರೀಕ್ಷೆ ಮಾತ್ರ. ಅಂತಿಮ ತೀರ್ಮಾನ ಅರ್ಥ್ ಟೆಸ್ಟರ್ ಹೊಂದಿರುವ ಪರವಾನಗಿ ಪಡೆದ ಎಲೆಕ್ಟ್ರಿಷಿಯನ್ನರದು. ಚಿತ್ರದುರ್ಗದಂತಹ ಕಲ್ಲುಭೂಮಿಯ, ಕಡಿಮೆ ಮಳೆಯ ಜಿಲ್ಲೆಯಲ್ಲಿ ಇದಕ್ಕೆ ವಿಶೇಷ ಮಹತ್ವವಿದೆ. ಒಣಗಿದ ಮಣ್ಣು ವಿದ್ಯುತ್ತನ್ನು ಸುಲಭವಾಗಿ ಒಳಗೊಳ್ಳುವುದಿಲ್ಲ. ಇದ್ದಿಲು, ಉಪ್ಪು ತುಂಬಿದ ಅರ್ಥಿಂಗ್ ಗುಂಡಿಗೆ ಬೇಸಿಗೆಯಲ್ಲಿ ನೀರು ಹಾಕುವ ರೂಢಿ ಬಂದಿರುವುದು ಇದರಿಂದಲೇ.

ಮೂಲ ಪತ್ತೆಗೆ ಐದು ಪರೀಕ್ಷೆಗಳು

ಅರ್ಥಿಂಗ್ ಸರಿಯಿದೆ ಎಂದಾದ ಬಳಿಕ ಮುಂದಿನ ಪರೀಕ್ಷೆಗಳನ್ನು ಕ್ರಮವಾಗಿ ಮಾಡಬಹುದು. ಮೊದಲ ಮೂರಕ್ಕೆ ಯಾವ ಉಪಕರಣವೂ ಬೇಕಿಲ್ಲ.

1. ಗಿಟಾರಿನ ವಾಲ್ಯೂಮ್ ಸೊನ್ನೆಗೆ ಇಳಿಸಬೇಕು. ಹಮ್ ಹಾಗೆಯೇ ಉಳಿದರೆ ಪಿಕಪ್ ನಿರಪರಾಧಿ. ದೋಷ ಕೇಬಲ್, ಪೆಡಲ್, ಆಂಪ್ಲಿಫೈಯರ್ ಅಥವಾ ವಿದ್ಯುತ್ ಪೂರೈಕೆಯಲ್ಲಿದೆ. ಹಮ್ ನಿಂತರೆ ಅದು ಗಿಟಾರಿನ ಕಡೆಯಿಂದ ಬರುತ್ತಿದೆ ಎಂದರ್ಥ. ಕೇಬಲ್ಲನ್ನು ಗಿಟಾರಿನಿಂದ ಕಿತ್ತು ತುದಿಯನ್ನು ಹಾಗೇ ಬಿಟ್ಟು ಪರೀಕ್ಷಿಸಬಾರದು. ತೆರೆದ ತುದಿ ತಾನಾಗಿಯೇ ಹಮ್ ಎಳೆದುಕೊಂಡು ದಾರಿ ತಪ್ಪಿಸುತ್ತದೆ.

2. ವಾಲ್ಯೂಮ್ ಏರಿಸಿ, ನಿಂತಲ್ಲೇ ಗಿಟಾರಿನೊಡನೆ ನಿಧಾನವಾಗಿ ಒಂದು ಸುತ್ತು ತಿರುಗಬೇಕು. ಒಂದು ದಿಕ್ಕಿನಲ್ಲಿ ಹಮ್ ಹೆಚ್ಚಿ, ಅದಕ್ಕೆ ಲಂಬವಾದ ದಿಕ್ಕಿನಲ್ಲಿ ಅಡಗಿದರೆ ಅದು ಕಾಂತಕ್ಷೇತ್ರದ ಹಮ್. ಗಿಟಾರಿನಲ್ಲಿ ಯಾವ ದೋಷವೂ ಇಲ್ಲ, ಹತ್ತಿರದಲ್ಲೆಲ್ಲೋ ಟ್ರಾನ್ಸ್‌ಫಾರ್ಮರ್ ಇದೆ.

3. ತಂತಿಗಳನ್ನು ಮುಟ್ಟಿ ನೋಡಬೇಕು. ಮುಟ್ಟಿದಾಗ ಸದ್ದು ಕಡಿಮೆಯಾದರೆ ತಂತಿಗಳ ಗ್ರೌಂಡ್ ಜೋಡಣೆ ಸರಿಯಿದೆ. ಅಲ್ಲಿಯವರೆಗೆ ವಾದಕನ ದೇಹವೇ ಆಂಟೆನಾದಂತೆ ವಿದ್ಯುತ್ ಕ್ಷೇತ್ರವನ್ನು ಸಂಗ್ರಹಿಸಿ ಪಿಕಪ್‌ಗೆ ದಾಟಿಸುತ್ತಿತ್ತು. ಇಂತಹ ಗಿಟಾರಿಗೆ ಒಳಗಿನಿಂದ ಲೋಹದ ಹೊದಿಕೆ ಹಾಕಿದರೆ ಪ್ರಯೋಜನವಾಗುತ್ತದೆ. ಮುಟ್ಟಿದಾಗ ಸದ್ದು ಹೆಚ್ಚಾದರೆ, ಅಥವಾ ತಂತಿ ಮುಟ್ಟಿದರೆ ಬದಲಾಗದ ಸದ್ದು ಕೇಬಲ್ ಪ್ಲಗ್ಗಿನ ಲೋಹ ಮುಟ್ಟಿದರೆ ತಗ್ಗಿದರೆ, ಬ್ರಿಡ್ಜಿಗೆ ಹೋಗುವ ಗ್ರೌಂಡ್ ತಂತಿ ಕಿತ್ತಿರಬಹುದು. ಜ್ಯಾಕ್‌ನಲ್ಲಿ ಎರಡು ತಂತಿಗಳು ಅದಲು ಬದಲಾಗಿರುವ ಸಾಧ್ಯತೆಯೂ ಇದೆ.

4. ಕೇಬಲ್ ಬದಲಿಸಿ ನೋಡಬೇಕು. ಗಿಟಾರ್ ಕೇಬಲ್ಲಿನಲ್ಲಿ ಒಳತಂತಿಯ ಸುತ್ತ ಹೆಣೆದ ತಾಮ್ರದ ಹೊದಿಕೆ ಇರಲೇಬೇಕು. ನೋಡಲು ಒಂದೇ ರೀತಿಯ ಪ್ಲಗ್ ಹೊಂದಿರುವ ಸ್ಪೀಕರ್ ಕೇಬಲ್ಲಿಗೆ ಆ ಹೊದಿಕೆ ಇರುವುದಿಲ್ಲ. ಅವಸರದಲ್ಲಿ ಅದನ್ನು ಗಿಟಾರಿಗೆ ಸಿಕ್ಕಿಸಿದರೆ ಹಮ್ ಖಚಿತ.

5. ಎಫೆಕ್ಟ್ ಪೆಡಲ್‌ಗಳಿದ್ದರೆ ಅಡಾಪ್ಟರ್ ತೆಗೆದು 9 ವೋಲ್ಟ್ ಬ್ಯಾಟರಿಯಲ್ಲಿ ಓಡಿಸಬೇಕು. ಸದ್ದು ಮಾಯವಾದರೆ ಅಡಾಪ್ಟರೇ ಅಪರಾಧಿ.

ಗಿಟಾರಿನ ಒಳಗಿನ ದುರಸ್ತಿ

ತಂತಿ ಮುಟ್ಟುವ ಪರೀಕ್ಷೆಯಲ್ಲಿ ಗ್ರೌಂಡ್ ದೋಷ ಕಂಡುಬಂದಲ್ಲಿ ಕೇಬಲ್ ಕಳಚಿ, ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಜ್ಯಾಕ್‌ನ ಹೊರಲೋಹಕ್ಕೂ ಇನ್ನೊಂದನ್ನು ಬ್ರಿಡ್ಜಿಗೂ ತಾಗಿಸಬೇಕು. ಒಂದೆರಡು ಓಮ್‌ಗಿಂತ ಹೆಚ್ಚು ತೋರಿಸಿದರೆ ನಡುವೆ ಎಲ್ಲೋ ಬೆಸುಗೆ ಬಿಟ್ಟಿದೆ. ವಾಲ್ಯೂಮ್ ಪಾಟ್‌ನ ಬೆನ್ನಿಗೆ ಹಾಕಿದ ಬೆಸುಗೆ, ಬ್ರಿಡ್ಜಿಗೆ ಅಥವಾ ಟ್ರೆಮೊಲೊ ಸ್ಪ್ರಿಂಗ್ ಹಿಡಿದ ಲೋಹದ ತುಣುಕಿಗೆ ಹೋಗುವ ತಂತಿ, ಸಡಿಲಗೊಂಡು ತಿರುಗಿದ ಜ್ಯಾಕ್, ಇವು ಮೊದಲು ನೋಡಬೇಕಾದ ಸ್ಥಳಗಳು. ಇದು ಕೆಲವು ನಿಮಿಷಗಳ ಬೆಸುಗೆ ಕೆಲಸವೇ ಹೊರತು ಪಿಕಪ್ ಬದಲಿಸುವ ವಿಷಯವಲ್ಲ.

ಲೋಹದ ಹೊದಿಕೆಗಾಗಿ ಪಿಕಪ್ ಮತ್ತು ಪಾಟ್‌ಗಳು ಕೂರುವ ಮರದ ಕುಳಿಗಳಿಗೆ, ಪಿಕ್ ಗಾರ್ಡಿನ ಹಿಂಬದಿಗೆ ತಾಮ್ರದ ಟೇಪ್ ಅಂಟಿಸುವುದು ಪ್ರಚಲಿತ ವಿಧಾನ. ತುಂಡುಗಳು ಒಂದಕ್ಕೊಂದು ವಿದ್ಯುತ್ ಸಂಪರ್ಕದಲ್ಲಿದ್ದು, ಒಟ್ಟಾಗಿ ಗ್ರೌಂಡಿಗೆ ಸೇರಿರಬೇಕು. ಯಾವುದೇ ಬೆಸುಗೆಯ ತುದಿ ಟೇಪಿಗೆ ತಾಗಿದರೆ ಗಿಟಾರ್ ಮೂಕವಾಗುವುದರಿಂದ ಅಲ್ಲಿ ಇನ್ಸುಲೇಷನ್ ಟೇಪ್ ಅಗತ್ಯ.

ಇಲ್ಲಿ ಬಹಳ ಜನ ನಿರಾಶರಾಗುವ ಒಂದು ಅಂಶವಿದೆ. ತಾಮ್ರದ ತೆಳು ಹಾಳೆ ವಿದ್ಯುತ್ ಕ್ಷೇತ್ರವನ್ನು ತಡೆಯುತ್ತದೆ. ಡಿಮ್ಮರ್, ಎಲ್‌ಇಡಿ ದೀಪಗಳಿಂದ ಬರುವ ‘ಝೀ’ ಎಂಬ ಕರ್ಕಶ ಸದ್ದು ತಗ್ಗುತ್ತದೆ. ಆದರೆ 50 ಹರ್ಟ್ಸ್‌ನ ಕಾಂತಕ್ಷೇತ್ರ ಅದನ್ನು ನಿರಾಯಾಸವಾಗಿ ದಾಟಿ ಬರುತ್ತದೆ. ತಿರುಗುವ ಪರೀಕ್ಷೆಯಲ್ಲಿ ಸಿಕ್ಕಿಬಿದ್ದ ಹಮ್‌ಗೆ ತಾಮ್ರದ ಟೇಪ್ ಮದ್ದಲ್ಲ. ಅದಕ್ಕೆ ಅತ್ಯಂತ ಅಗ್ಗದ ಉಪಾಯ ದೂರ ಸರಿಯುವುದು. ಚಿಕ್ಕ ಟ್ರಾನ್ಸ್‌ಫಾರ್ಮರಿನ ಕಾಂತಕ್ಷೇತ್ರ ದೂರ ಇಮ್ಮಡಿಯಾದರೆ ಸುಮಾರು ಎಂಟನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಎರಡನೆಯ ಉಪಾಯ ಪಿಕಪ್ ಆಯ್ಕೆಯ ಸ್ವಿಚ್. ಮೂರು ಪಿಕಪ್‌ಗಳ ಅನೇಕ ಗಿಟಾರುಗಳಲ್ಲಿ ನಡುವಿನ ಪಿಕಪ್ಪನ್ನು ವಿರುದ್ಧ ದಿಕ್ಕಿನಲ್ಲಿ ಸುತ್ತಿರುತ್ತಾರೆ. ಸ್ವಿಚ್ಚನ್ನು ಎರಡನೆಯ ಅಥವಾ ನಾಲ್ಕನೆಯ ಸ್ಥಾನದಲ್ಲಿಟ್ಟರೆ ಎರಡು ಪಿಕಪ್‌ಗಳು ಸೇರಿ ಹಂಬಕರ್‌ನಂತೆ ಕೆಲಸ ಮಾಡುತ್ತವೆ. ಇವೆರಡೂ ಸಾಲದಿದ್ದಾಗ ಮಾತ್ರ, ಒಂದರ ಮೇಲೊಂದು ಸುರುಳಿ ಜೋಡಿಸಿದ ಹಮ್ ರಹಿತ ಪಿಕಪ್ ಕೊಳ್ಳುವ ಯೋಚನೆ ಮಾಡಬಹುದು. ನಾಯ್ಸ್ ಗೇಟ್ ಎಂಬ ಪೆಡಲ್ ನುಡಿಸದಿರುವಾಗ ಸದ್ದನ್ನು ಮುಚ್ಚುತ್ತದೆಯೇ ಹೊರತು ನುಡಿಸುವಾಗ ಹಮ್ ತೆಗೆಯುವುದಿಲ್ಲ.

ವೇದಿಕೆಯ ಸಮಸ್ಯೆ

ಮನೆಯಲ್ಲಿ ಶಾಂತವಾಗಿದ್ದ ಗಿಟಾರ್ ಉತ್ಸವದ ವೇದಿಕೆಯಲ್ಲಿ ಮೊರೆಯಲು ಇನ್ನೊಂದು ಕಾರಣವಿದೆ. ಆಂಪ್ಲಿಫೈಯರಿಗೆ ವೇದಿಕೆಯ ಒಂದು ಸಾಕೆಟ್, ಧ್ವನಿವರ್ಧಕದ ಮಿಕ್ಸರಿಗೆ ದೂರದ ಮತ್ತೊಂದು ಸಾಕೆಟ್ ಇದ್ದು, ಅವೆರಡರ ನಡುವೆ ಕೇಬಲ್ ಎಳೆದಾಗ ಅರ್ಥಿಂಗ್ ತಂತಿ ಮತ್ತು ಕೇಬಲ್ಲಿನ ಹೊದಿಕೆ ಸೇರಿ ಒಂದು ದೊಡ್ಡ ವರ್ತುಲವಾಗುತ್ತದೆ. ಇದಕ್ಕೆ ‘ಗ್ರೌಂಡ್ ಲೂಪ್’ ಎಂದು ಹೆಸರು. ಅದರಲ್ಲಿ ಹರಿಯುವ ಅಲ್ಪ ವಿದ್ಯುತ್ತೇ ಹಮ್ ಆಗಿ ಕೇಳಿಸುತ್ತದೆ.

ಆಗ ಆಂಪ್ಲಿಫೈಯರಿನ ಅರ್ಥ್ ಪಿನ್ ತೆಗೆದರೆ, ಅಥವಾ ಪ್ಲಗ್ ಕತ್ತರಿಸಿ ಎರಡೇ ತಂತಿಗಳನ್ನು ಬೆಂಕಿಕಡ್ಡಿಯೊಂದಿಗೆ ಸಾಕೆಟ್ಟಿಗೆ ತುರುಕಿದರೆ, ವರ್ತುಲ ತುಂಡಾಗಿ ಹಮ್ ನಿಲ್ಲುತ್ತದೆ. ಆರಂಭದಲ್ಲಿ ಹೇಳಿದ ಅಪಾಯಕಾರಿ ಸುಲಭೋಪಾಯ ಇದೇ. ಸದ್ದು ನಿಂತಿತೆಂಬ ಸಮಾಧಾನದಲ್ಲಿ ವಾದಕನಿಗಿದ್ದ ಏಕೈಕ ರಕ್ಷಣೆಯನ್ನೇ ಕಿತ್ತುಹಾಕಿದಂತಾಗುತ್ತದೆ. ಹೀಗೆ ಮಾಡಿದ ವೇದಿಕೆ ನೂರು ರಾತ್ರಿ ಯಾವ ತೊಂದರೆಯನ್ನೂ ಕೊಡದಿರಬಹುದು. ಒಳಗಿನ ಒಂದು ತಂತಿಯ ಹೊದಿಕೆ ಸವೆದ ದಿನ ಮಾತ್ರ ಅದು ತಿಳಿಯುತ್ತದೆ.

ಸರಿಯಾದ ಪರಿಹಾರ ಸರಳವಾದದ್ದು. ಗಿಟಾರ್ ಆಂಪ್ಲಿಫೈಯರ್, ಪೆಡಲ್ ಹಾಗೂ ಸಾಧ್ಯವಾದರೆ ಮಿಕ್ಸರಿಗೂ ಒಂದೇ ಮೂಲದಿಂದ ವಿದ್ಯುತ್ ಪಡೆಯಬೇಕು. ದೀಪಗಳಿಗೆ ಪ್ರತ್ಯೇಕ ಸಂಪರ್ಕವಿರಬೇಕು. ಮಿಕ್ಸರಿಗೆ ಸಂಕೇತ ಕಳುಹಿಸಲು ಟ್ರಾನ್ಸ್‌ಫಾರ್ಮರ್ ಉಳ್ಳ ಡಿಐ ಬಾಕ್ಸ್ ಬಳಸಿ, ಅದರಲ್ಲಿರುವ ಗ್ರೌಂಡ್ ಲಿಫ್ಟ್ ಸ್ವಿಚ್ ಒತ್ತಬಹುದು. ಅದು ಸಂಕೇತದ ಕೇಬಲ್ಲಿನ ಗ್ರೌಂಡನ್ನು ಮಾತ್ರ ಬಿಡಿಸುತ್ತದೆ, ವಿದ್ಯುತ್ ಪೂರೈಕೆಯ ಅರ್ಥಿಂಗನ್ನು ಮುಟ್ಟುವುದಿಲ್ಲ. ಜನರೇಟರ್ ಬಳಸುವಲ್ಲಿ ಅದರ ನ್ಯೂಟ್ರಲ್ ಮತ್ತು ಚೌಕಟ್ಟಿನ ಅರ್ಥಿಂಗನ್ನು ಎಲೆಕ್ಟ್ರಿಷಿಯನ್ನರಿಂದಲೇ ಮಾಡಿಸಬೇಕು. ವೇದಿಕೆಯ ಸಂಪರ್ಕದಲ್ಲಿ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಇರುವುದು ಅವಶ್ಯ. ವಿದ್ಯುತ್ತು ದೇಹದ ಮೂಲಕ ಭೂಮಿಗೆ ಸೋರಿದರೆ ಕ್ಷಣಾರ್ಧದಲ್ಲಿ ಪೂರೈಕೆ ಕಡಿದುಹಾಕುವ ಸಾಧನವಿದು.

ಕಾರ್ಯಕ್ರಮಕ್ಕೆ ಮುನ್ನ ಮಲ್ಟಿಮೀಟರನ್ನು ಎಸಿ ವೋಲ್ಟ್‌ನಲ್ಲಿಟ್ಟು ಒಂದು ಕಡ್ಡಿಯನ್ನು ಗಿಟಾರಿನ ತಂತಿಗೂ ಇನ್ನೊಂದನ್ನು ಮೈಕಿನ ಲೋಹದ ಜಾಲರಿಗೂ ತಾಗಿಸಿ ನೋಡುವುದು ಒಳ್ಳೆಯ ಅಭ್ಯಾಸ. ಸೊನ್ನೆಯ ಆಸುಪಾಸಿನಲ್ಲಿದ್ದರೆ ಸರಿ. ಹತ್ತಾರು ವೋಲ್ಟ್ ತೋರಿಸಿದರೆ ವಿದ್ಯುತ್ ಸಂಪರ್ಕ ಕಡಿದು ದೋಷ ಸರಿಪಡಿಸುವವರೆಗೆ ಯಾರೂ ಗಿಟಾರ್ ಹಿಡಿದು ಮೈಕಿನ ಮುಂದೆ ನಿಲ್ಲಬಾರದು. ಕಾರ್ಯಕ್ರಮ ಅರ್ಧ ಗಂಟೆ ತಡವಾದರೂ ಚಿಂತೆಯಿಲ್ಲ. ಅಲ್ಪಸ್ವಲ್ಪ ಹಮ್ ಉಳಿದರೂ ಹಾಡು ಆರಂಭವಾದ ಮೇಲೆ ಅದು ಪ್ರೇಕ್ಷಕರ ಕಿವಿಗೆ ಬೀಳುವುದಿಲ್ಲ.