ಬೇವಿನ ಮರದ ದುಂಬಿಗೆ ಹೆಸರೇನು?



ಹಿಂದೂಪುರ, ಕಲ್ಯಾಣದುರ್ಗದ ಕಡೆ ಮೊದಲ ಹದಮಳೆ ಬಿದ್ದ ಸಂಜೆ ನೆಲದೊಳಗಿಂದ ಕಂದು ದುಂಬಿಗಳು ಎದ್ದು ಬೇವಿನ ಮರಕ್ಕೆ ಮುತ್ತುತ್ತವೆ. ಅವು ಮಣ್ಣಿನಲ್ಲಿಟ್ಟ ಮೊಟ್ಟೆಯಿಂದ ಬರುವ ಗೊಣ್ಣೆಹುಳು ಕಡಲೆಕಾಯಿಯ ಬೇರು ತಿಂದು ಗಿಡವನ್ನೇ ಒಣಗಿಸುತ್ತದೆ. ನೋಡಲು ಈ ದುಂಬಿಗಳೆಲ್ಲ ಒಂದೇ ತರಹ. ಹಾಗಾದರೆ ಪ್ರಭೇದವೂ ಒಂದೇನಾ?

ಪ್ರಶ್ನೆ ಹಳೆಯದು. ಗುರುದೀಕ್ಷೆ ಪಡೆದಿದ್ದ ಇಂಗ್ಲೆಂಡಿನ ಜಾನ್ ರೇ, ಒಂದೇ ಗಿಡದ ಬೀಜದಿಂದ ಹುಟ್ಟಿದವು ಹೇಗೇ ಕಂಡರೂ ಒಂದೇ ಪ್ರಭೇದ ಎಂದು 1686ರಲ್ಲಿ ಬರೆದರು. 1758ರಲ್ಲಿ ಲಿನೇಯಸ್ ಪ್ರಾಣಿಗಳಿಗೆ ಎರಡು ಪದದ ಹೆಸರಿಡುವ ಕ್ರಮ ತಂದರು. ರೂಪಕ್ಕಿಂತ, ತಮ್ಮತಮ್ಮಲ್ಲೇ ಕೂಡಿ ಸಂತತಿ ಬೆಳೆಸುವುದೇ ಪ್ರಭೇದದ ಗುರುತು ಎಂದು 1942ರಲ್ಲಿ ಅರ್ನ್ಸ್ಟ್ ಮೇಯರ್ ವಾದಿಸಿದರು.

ಹೆಣ್ಣು ದುಂಬಿ ವಾಸನೆ ಬೀರಿ ಗಂಡನ್ನು ಕರೆಯುತ್ತದೆ. ಸಾಮಾನ್ಯವಾಗಿ ಒಂದೊಂದು ಪ್ರಭೇದಕ್ಕೆ ಒಂದೊಂದು ವಾಸನೆ. ಉತ್ತರ ಭಾರತದ ಹೊಲೊಟ್ರಿಕಿಯ ಕನ್ಸಾಂಗ್ವಿನಿಯದ ವಾಸನೆ ಅನಿಸೋಲ್ ಎಂದು 1990ರ ದಶಕದಲ್ಲಿ ತಿಳಿಯಿತು. 2002ರಲ್ಲಿ ದಕ್ಷಿಣದ ಹೊಲೊಟ್ರಿಕಿಯ ರೇನಾಡಿಯಲ್ಲೂ ಅದೇ ಅನಿಸೋಲ್ ಸಿಕ್ಕಿತು! ಅಷ್ಟರಿಂದಲೇ ಎರಡೂ ಒಂದೇ ಎನ್ನಲಾಗದು. ಬೇರೆ ಹೆಸರಿದೆಯೆಂದು ಬೇರೆಯೇ ಎಂದು ಸುಮ್ಮನಾಗಲೂ ಆಗದು. ಗಂಡಿನ ಜನನಾಂಗದ ಆಕಾರ, ಡಿಎನ್‌ಎ, ಹಾರಾಡುವ ಹೊತ್ತು ಎಲ್ಲವನ್ನೂ ಕೂಡಿಸಿ ನೋಡಬೇಕು. ಹೆಸರು ತಪ್ಪಿದರೆ ರೈತ ಇಡುವ ವಾಸನೆಯ ಬಲೆ, ಮದ್ದು ಹಾಕುವ ಹೊತ್ತು ಎರಡೂ ತಪ್ಪುತ್ತವೆ. ನಷ್ಟ ಒಂದು ಮನೆಯ ವರ್ಷದ ಅನ್ನ.

ಆದಾಮನು ಪ್ರಾಣಿಗಳಿಗೆ ಹೆಸರಿಟ್ಟನೆಂದು ಆದಿಕಾಂಡದಲ್ಲಿ ಓದುತ್ತೇವೆ. ಆ ಕೆಲಸ ಇನ್ನೂ ಮುಗಿದಿಲ್ಲ. ಇಟ್ಟ ಹೆಸರನ್ನು ಮತ್ತೆ ಪರೀಕ್ಷಿಸುವುದೂ ಸೃಷ್ಟಿಕರ್ತನಿಗೆ ಸಲ್ಲಿಸುವ ಗೌರವವೇ. ಮುಂದಿನ ಮಳೆಯ ಸಂಜೆ ಬೇವಿನ ಮರದ ಕೆಳಗೆ ಸ್ವಲ್ಪ ಹೊತ್ತು ನಿಂತು ನೋಡಿ.