ಬಂದೂಕು ಹಿಡಿದ ಕೈಗೆ ಎಷ್ಟು ಶಿಕ್ಷೆ?

1857ರಲ್ಲಿ ಕಂಪನಿ ಸರ್ಕಾರ ಜನರ ಆಯುಧ ಕಸಿಯುವ ಕಾಯ್ದೆ ತಂದಾಗ ಮುಧೋಳ ಸಂಸ್ಥಾನದ ಹಲಗಲಿ ಬೇಡರು ಅದನ್ನು ಧಿಕ್ಕರಿಸಿ ದಂಗೆ ಎದ್ದರು, ಹಲವರು ನೇಣಿಗೇರಿದರು. ಲಾರ್ಡ್ ಲಿಟ್ಟನ್ ಕಾಲದ 1878ರ ಶಸ್ತ್ರಾಸ್ತ್ರ ಕಾಯ್ದೆ ಅದೇ ದಾರಿಯಲ್ಲಿ ಲೈಸೆನ್ಸಿನ ಬಿಗಿ ಹಿಡಿತವನ್ನು ಇಡೀ ದೇಶಕ್ಕೆ ಹಾಸಿತು. ಈ ಕಾನೂನುಗಳು ಹುಟ್ಟಿದ್ದು ಆಳುವವರಿಗೆ ಪ್ರಜೆಗಳ ಮೇಲಿದ್ದ ಭಯದಿಂದ. ಇದೇ ಕಾಲದಲ್ಲಿ ಇನ್ನೊಂದು ಧಾರೆಯೂ ಹರಿಯುತ್ತಿತ್ತು. 1860ರ ದಂಡ ಸಂಹಿತೆ ಕೇಳಿದ್ದು ಬಂದೂಕು ಯಾರ ಮನೆಯಲ್ಲಿದೆ ಎಂದಲ್ಲ, ಅಪರಾಧದ ಗಳಿಗೆಯಲ್ಲಿ ಅದು ಮಾಡಿದ್ದೇನು ಎಂದು. ನಮ್ಮ ಕಾನೂನು ಈ ಎರಡನೆಯ ಪ್ರಶ್ನೆಯನ್ನು ಕೇಳಿದಾಗಲೆಲ್ಲ ನ್ಯಾಯಕ್ಕೆ ಹತ್ತಿರವಾಗಿದೆ, ಅದನ್ನು ಮರೆತಾಗ ಎಡವಿದೆ ಎಂಬುದು ನನ್ನ ವಾದ.

ಸಾಧಾರಣ ಸುಲಿಗೆಗೆ ದಂಡ ಸಂಹಿತೆಯ 392ನೇ ಕಲಂ ಹತ್ತು ವರ್ಷದವರೆಗೆ ಶಿಕ್ಷೆ ಇಟ್ಟಿತ್ತು, ಕನಿಷ್ಠ ಮಿತಿ ಇರಲಿಲ್ಲ. ಸುಲಿಗೆ ಮಾಡುವಾಗ ಮಾರಕಾಸ್ತ್ರ ‘ಬಳಸಿದರೆ’ 397ನೇ ಕಲಮಿನಂತೆ ಏಳು ವರ್ಷಕ್ಕೆ ಕಡಿಮೆ ಇಲ್ಲ. ಸುಲಿಗೆಯ ಬರೀ ಪ್ರಯತ್ನದಲ್ಲಿ ಆಯುಧ ‘ಹೊಂದಿದ್ದರೂ’ 398ರಡಿ ಅದೇ ಏಳು ವರ್ಷ. ಇಲ್ಲೊಂದು ತೊಡಕಿತ್ತು. ಬಳಸುವುದೆಂದರೆ ಗುಂಡು ಹಾರಿಸುವುದು, ಇರಿಯುವುದು ಎಂದಷ್ಟೇ ಓದಿದರೆ, ಆಯುಧ ತೋರಿಸಿ ಸುಲಿಗೆ ಮುಗಿಸಿದವನು ಕನಿಷ್ಠ ಶಿಕ್ಷೆಯಿಂದ ಪಾರಾಗುತ್ತಾನೆ, ಪ್ರಯತ್ನದಲ್ಲೇ ಸೋತವನು ಸಿಕ್ಕಿಬೀಳುತ್ತಾನೆ. ಪೆಟ್ರೋಲ್ ಬಂಕ್ ಸುಲಿಗೆಯ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 1975ರಲ್ಲಿ ಇದನ್ನು ಬಿಡಿಸಿತು. ಅಲ್ಲಿ ಒಬ್ಬನ ಕೈಯಲ್ಲಿ ಚಾಕು ಇತ್ತು, ಇನ್ನೊಬ್ಬ ಗುಂಡು ಹಾರಿಸಿದ್ದ. ಎದುರಿನವನಿಗೆ ಕಾಣುವಂತೆ, ಅವನು ಬೆದರುವಂತೆ ಆಯುಧ ಹಿಡಿದರೆ ಅದೂ ಬಳಕೆಯೇ ಎಂದಿತು ನ್ಯಾಯಾಲಯ. ಆದರೆ ಹೆಚ್ಚಿನ ಶಿಕ್ಷೆ ಆಯುಧ ಬಳಸಿದವನಿಗಷ್ಟೇ, ಜೊತೆಗಿದ್ದ ಬರಿಗೈಯವನಿಗಲ್ಲ ಎಂದೂ ಗೆರೆ ಎಳೆಯಿತು. ದಂಡನೆಯ ಕಾನೂನನ್ನು ಅಕ್ಷರಕ್ಕೆ ಕಟ್ಟುಬಿದ್ದು ಓದಬೇಕು, ನ್ಯಾಯಾಧೀಶರು ಪದವನ್ನು ಹಿಗ್ಗಿಸಬಾರದು ಎಂಬ ಆಕ್ಷೇಪಕ್ಕೆ ತೂಕವಿದೆ. ಆದರೂ ಗಲ್ಲಾಪೆಟ್ಟಿಗೆಯ ಮುಂದೆ ಕೂತವನು ಹಣ ತೆಗೆದುಕೊಡುವುದು ಗುಂಡು ತಗುಲಿದ ಮೇಲಲ್ಲ, ಪಿಸ್ತೂಲಿನ ಬಾಯಿ ಕಂಡಾಗ. ಆಯುಧದ ಕೆಲಸ ಅಲ್ಲಿಗೇ ಮುಗಿದಿರುತ್ತದೆ. ಹಾಗಾಗಿ ಇದು ಪದವನ್ನು ಎಳೆದಾಡಿದ ತೀರ್ಪಲ್ಲ, ಸುಲಿಗೆ ನಡೆಯುವ ಬಗೆಯನ್ನು ಸರಿಯಾಗಿ ಕಂಡ ತೀರ್ಪು.

ಎಡವಿದ್ದು ಲೈಸೆನ್ಸ್ ಕಾಯ್ದೆಯ ಕಡೆಯಿಂದ. ಸ್ವತಂತ್ರ ಭಾರತದ 1959ರ ಶಸ್ತ್ರಾಸ್ತ್ರ ಕಾಯ್ದೆಯ 27ನೇ ಕಲಂ, ಕಾನೂನುಬಾಹಿರ ಉದ್ದೇಶಕ್ಕೆ ಆಯುಧ ಇಟ್ಟುಕೊಂಡವನಿಗೆ ಏಳು ವರ್ಷದವರೆಗೆ ಶಿಕ್ಷೆ ಹೇಳಿತ್ತು. ಪಂಜಾಬ್ ಹೊತ್ತಿ ಉರಿಯುತ್ತಿದ್ದ 1988ರಲ್ಲಿ ಅದನ್ನು ತಿದ್ದಿ, ನಿಷೇಧಿತ ಆಯುಧದ ಬಳಕೆಯಿಂದ ಸಾವು ಸಂಭವಿಸಿದರೆ ಮರಣದಂಡನೆಯೇ ಎಂದು ಬರೆಯಲಾಯಿತು, ಬೇರೆ ಶಿಕ್ಷೆಗೆ ಎಡೆಯೇ ಇಲ್ಲ. ಕೊಲ್ಲುವ ಉದ್ದೇಶವಿತ್ತೇ ಎಂಬ ಪ್ರಶ್ನೆಯನ್ನೂ ಆ ಉಪಕಲಂ ಕೇಳಲಿಲ್ಲ. ಅಂಥ ಆಯುಧ ಇಟ್ಟುಕೊಂಡ, ಮಾರಿದ ಕೃತ್ಯದಿಂದ ಸಾವಾದರೂ ಅದೇ ನೇಣು. ಉಗ್ರರ ಕೈಯಲ್ಲಿ ಎಕೆ-47 ಇದ್ದ ಕಾಲದಲ್ಲಿ ಮೃದುವಾದ ಕಾನೂನು ಸಾಕಿತ್ತೇ ಎಂದು ಕೇಳುವವರಿದ್ದಾರೆ. ಆದರೆ ಕೊಲೆಗೆ ದಂಡ ಸಂಹಿತೆಯ 302ನೇ ಕಲಮಿನಲ್ಲಿ ಮರಣದಂಡನೆಯ ಅವಕಾಶ ಮೊದಲೇ ಇತ್ತು. ಅದೇ ತಿದ್ದುಪಡಿ, ನಿಷೇಧಿತ ಆಯುಧ ಬಳಸಿದವನಿಗೆ ಯಾರೂ ಸಾಯದಿದ್ದರೂ ಜೀವಾವಧಿಯವರೆಗೆ ಶಿಕ್ಷೆ ಇಟ್ಟಿತ್ತು. ಹೊಸ ಉಪಕಲಂ ಸಮಾಜಕ್ಕೆ ಕೊಟ್ಟ ರಕ್ಷಣೆ ಏನೂ ಇಲ್ಲ, ಕಿತ್ತುಕೊಂಡದ್ದು ನ್ಯಾಯಾಧೀಶರ ವಿವೇಚನೆಯನ್ನು. ಕಡ್ಡಾಯ ಮರಣದಂಡನೆಯ 303ನೇ ಕಲಮನ್ನು ಸುಪ್ರೀಂ ಕೋರ್ಟ್ 1983ರಲ್ಲೇ ರದ್ದುಮಾಡಿತ್ತು. ಐದೇ ವರ್ಷದಲ್ಲಿ ಸಂಸತ್ತು ಅದೇ ತಪ್ಪನ್ನು ಮತ್ತೆ ಮಾಡಿತು. ಅದು ಅಳಿಯಲು 2012ರ ಫೆಬ್ರುವರಿ 1ರವರೆಗೆ ಕಾಯಬೇಕಾಯಿತು. ಅಂದು ನ್ಯಾಯಮೂರ್ತಿ ಎ.ಕೆ. ಗಂಗೂಲಿ ಮತ್ತು ಜೆ.ಎಸ್. ಖೇಹರ್ ಅವರ ಪೀಠ ಆ ಉಪಕಲಂ ಸಂವಿಧಾನಬಾಹಿರ ಎಂದಿತು. ಇಪ್ಪತ್ತಮೂರು ವರ್ಷ ಅದು ಪುಸ್ತಕದಲ್ಲಿ ಉಳಿದದ್ದೇ ಅನ್ಯಾಯ.

ಹಾಗಾದರೆ 397ರ ಏಳು ವರ್ಷವೂ ನ್ಯಾಯಾಧೀಶರ ಕೈ ಕಟ್ಟುವುದಿಲ್ಲವೇ? ಕಟ್ಟುತ್ತದೆ, ಆದರೆ ಕೆಳಗಿನ ಮಿತಿಯಲ್ಲಿ ಮಾತ್ರ. ಅದಕ್ಕೂ ಮೊದಲು ಆಯುಧವನ್ನು ಯಾರು, ಹೇಗೆ ಬಳಸಿದರೆಂದು ಸಾಕ್ಷ್ಯದಿಂದ ತೋರಿಸಲೇಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 311 ಮತ್ತು 312ನೇ ಕಲಮುಗಳಲ್ಲಿ ಈ ಹಳೆಯ ನಿಯಮಗಳೂ ಅದೇ ಏಳು ವರ್ಷವೂ ಉಳಿದುಕೊಂಡಿವೆ.