ಅಂಗಶೋಧನೆಯ ಕಾಗದಗಳು: ತಡೆ, ಶೋಧನೆ, ಜಪ್ತಿಯ ಕಲಂಗಳ ಮೇಲೆ ಒಂದು ಟಿಪ್ಪಣಿ

1. ವ್ಯಾಪ್ತಿ ಮತ್ತು ಪರಿಭಾಷೆ

ದಾರಿಯಲ್ಲಿ ಒಬ್ಬರನ್ನು ನಿಲ್ಲಿಸಿ, ಜೇಬು ಅಥವಾ ಚೀಲ ನೋಡಿ, ಸಿಕ್ಕಿದ್ದನ್ನು ಪೊಲೀಸರು ವಶಕ್ಕೆ ತೆಗೆದುಕೊಂಡರೆ ನೋಡಿದವರಿಗೆ ಅದು ಒಂದೇ ಘಟನೆ. ಕಾನೂನಿನ ಪಠ್ಯದಲ್ಲಿ ಅದು ಮೂರು ಕ್ರಿಯೆಗಳು: ತಡೆ, ಶೋಧನೆ, ಜಪ್ತಿ. ಮೂರಕ್ಕೂ ಆಧಾರದ ಕಲಂಗಳು ಬೇರೆ. ಪ್ರತಿ ಹಂತದಲ್ಲಿ ಹುಟ್ಟಬೇಕಾದ ಕಾಗದವೂ ಬೇರೆ. ಯಾವ ಕ್ರಿಯೆಗೆ ಯಾವ ಕಾಗದ, ಅದು ಯಾರ ಕೈಸೇರಬೇಕು ಎಂಬಷ್ಟಕ್ಕೆ ಈ ಟಿಪ್ಪಣಿ ಸೀಮಿತ.

ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, 2023ನ್ನು ಇಲ್ಲಿ ‘ಸಂಹಿತೆ’ ಎಂದೂ, ದಂಡ ಪ್ರಕ್ರಿಯಾ ಸಂಹಿತೆ, 1973ನ್ನು ‘ಹಿಂದಿನ ಸಂಹಿತೆ’ ಎಂದೂ ಕರೆದಿದೆ. ಕಾಯಿದೆಗಳ ಅಧಿಕೃತ ಕನ್ನಡದಲ್ಲಿ ‘ಪ್ರಕರಣ’ ಎಂಬ ಪದ ರೂಢಿಯಲ್ಲಿದ್ದರೂ ಮೊಕದ್ದಮೆಗೂ ಅದೇ ಪದ ಬಳಕೆಯಲ್ಲಿರುವುದರಿಂದ ಠಾಣೆ ಮತ್ತು ಕೋರ್ಟುಗಳ ‘ಕಲಂ’ ಅನ್ನೇ ಉಳಿಸಿಕೊಂಡಿದೆ. ‘ಮಹಜರು’ ಮತ್ತು ‘ಹಾಜರು’ ಒಂದೇ ಅರಬ್ಬಿ ಧಾತುವಿನಿಂದ ಬಂದವು. ಮಹಜರಿನ ತಿರುಳು ಬರವಣಿಗೆಗಿಂತ ಸಮ್ಮುಖವೇ ಎಂಬುದನ್ನು ಮುಂದಿನ ವಿವರಗಳಿಗಾಗಿ ಗಮನದಲ್ಲಿಡಬೇಕು.

ದಿನಾಂಕಗಳು: ಹಿಂದಿನ ಸಂಹಿತೆ 1974ರ ಏಪ್ರಿಲ್ 1ರಿಂದ ಜಾರಿಯಲ್ಲಿತ್ತು. ಹೊಸದಕ್ಕೆ ರಾಷ್ಟ್ರಪತಿಗಳ ಅಂಕಿತ 2023ರ ಡಿಸೆಂಬರ್ 25ರಂದು. ಜಾರಿ 2024ರ ಜುಲೈ 1ರಿಂದ. ಆ ದಿನಕ್ಕೆ ಬಾಕಿಯಿದ್ದ ತನಿಖೆಗಳನ್ನು ಕಲಂ 531 ಹಿಂದಿನ ಸಂಹಿತೆಗೇ ಬಿಟ್ಟಿದೆ. ಆದ್ದರಿಂದ 2024ರ ಮಹಜರೊಂದನ್ನು ಓದುವಾಗ ತನಿಖೆ ಆರಂಭವಾದ ದಿನಾಂಕವನ್ನು ಮೊದಲು ನೋಡಬೇಕಾಗುತ್ತದೆ.

2. ಸಾಮಾನ್ಯ ಅಧಿಕಾರದ ಗೈರು

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1984ರ ಪೊಲೀಸ್ ಮತ್ತು ಅಪರಾಧ ಸಾಕ್ಷ್ಯ ಕಾಯಿದೆಯ ಕಲಂ 1 ಸಾರ್ವಜನಿಕ ಸ್ಥಳದಲ್ಲಿ ವ್ಯಕ್ತಿಯನ್ನು ತಡೆದು ಶೋಧಿಸುವ ಅಧಿಕಾರವನ್ನು ನೇರವಾಗಿ ಕೊಡುತ್ತದೆ. ಕಲಂ 2 ಮತ್ತು 3 ಅದಕ್ಕೆ ಮುಂಚಿತ ಮಾಹಿತಿ ಮತ್ತು ಲಿಖಿತ ದಾಖಲೆಯ ಷರತ್ತು ಹಾಕುತ್ತವೆ. ನಮ್ಮ ಸಂಹಿತೆಯಲ್ಲಿ ಇದಕ್ಕೆ ಸಮನಾದ ಒಂದು ಕಲಂ ಇಲ್ಲ. ವ್ಯಕ್ತಿಯ ಮೈಮೇಲಿನ ಶೋಧನೆ ಬೇರೊಂದು ಕ್ರಿಯೆಗೆ ಅಂಟಿಕೊಂಡೇ ಬರುತ್ತದೆ.

(ಅ) ಕಲಂ 103(3), ಹಿಂದಿನ 100(3). ಶೋಧನೆಗೆ ಒಳಪಟ್ಟ ಸ್ಥಳದಲ್ಲಿ ಅಥವಾ ಅದರ ಆಸುಪಾಸಿನಲ್ಲಿ ಇರುವವರು ಹುಡುಕುತ್ತಿರುವ ವಸ್ತುವನ್ನು ಮೈಮೇಲೆ ಅಡಗಿಸಿದ್ದಾರೆಂಬ ಸಕಾರಣ ಅನುಮಾನವಿದ್ದರೆ ಅವರನ್ನು ಶೋಧಿಸಬಹುದು. ಇಲ್ಲಿ ಮೊದಲು ಸ್ಥಳದ ಶೋಧನೆ ಇರಬೇಕು.

(ಆ) ಕಲಂ 49, ಹಿಂದಿನ 51. ಇಲ್ಲಿ ಮೊದಲು ದಸ್ತಗಿರಿ ಇರಬೇಕು. ಅಷ್ಟೇ ಸಾಲದು: ಜಾಮೀನಿಗೆ ಅವಕಾಶವಿಲ್ಲದ, ಅಥವಾ ಜಾಮೀನು ಕೊಡಲಾಗದ ಸ್ಥಿತಿಯೂ ಇರಬೇಕೆಂದು ಪಠ್ಯ ಹೇಳುತ್ತದೆ. ಜಾಮೀನೀಯ ಅಪರಾಧದಲ್ಲಿ ಸ್ಥಳದಲ್ಲೇ ಜಾಮೀನು ಒದಗಿಸಿದವರ ಅಂಗಜಡ್ತಿಗೆ ಈ ಕಲಂ ಆಧಾರವಾಗದು ಎಂದು ಓದಬಹುದು.

(ಇ) ಕಲಂ 106, ಹಿಂದಿನ 102. ಕಳವಿನದೆಂದು ಅನುಮಾನವಿರುವ, ಅಥವಾ ಅಪರಾಧ ನಡೆದಿರುವ ಅನುಮಾನ ಹುಟ್ಟಿಸುವ ಸಂದರ್ಭದಲ್ಲಿ ಕಂಡುಬಂದ ಸ್ವತ್ತಿನ ಜಪ್ತಿ ಇದರ ವಿಷಯ. ಕಂಡುಬಂದದ್ದನ್ನು ವಶಪಡಿಸಿಕೊಳ್ಳುವ ಅಧಿಕಾರ ಇದು. ಕಾಣುವಂತೆ ಮಾಡುವ ಅಧಿಕಾರವನ್ನೂ ಇದೇ ಕಲಮಿನಲ್ಲಿ ಓದಿಕೊಳ್ಳುವುದು ಪಠ್ಯವನ್ನು ಹಿಗ್ಗಿಸಿದಂತೆ ಎಂದು ತೋರುತ್ತದೆ.

ಮಹಿಳೆಯ ಅಂಗಶೋಧನೆಯನ್ನು ಇನ್ನೊಬ್ಬ ಮಹಿಳೆಯೇ, ಮರ್ಯಾದೆಗೆ ಕಟ್ಟುನಿಟ್ಟಾಗಿ ಗಮನ ಕೊಟ್ಟು, ಮಾಡಬೇಕೆಂಬ ಷರತ್ತು 103(3) ಮತ್ತು 49(2) ಎರಡರಲ್ಲೂ ಇದೆ. ಅದಕ್ಕೆ ಯಾವ ವಿನಾಯಿತಿಯನ್ನೂ ಅಲ್ಲಿ ಬರೆದಿಲ್ಲ.

ಕಲಂ 172 ಹೊಸದು. ಪೊಲೀಸ್ ಅಧಿಕಾರಿಯ ಕಾನೂನುಬದ್ಧ ನಿರ್ದೇಶನವನ್ನು ಪಾಲಿಸದವರನ್ನು ತಡೆದಿಡಲು ಅದು ಅವಕಾಶ ಕೊಡುತ್ತದೆ. ಸಣ್ಣ ಸಂದರ್ಭಗಳಲ್ಲಿ 24 ಗಂಟೆಯೊಳಗೆ ಆದಷ್ಟು ಬೇಗ ಬಿಡಬೇಕು, ಇಲ್ಲವಾದರೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಆದರೆ ಆ ನಿರ್ದೇಶನ ‘ಈ ಅಧ್ಯಾಯದ’ ಕರ್ತವ್ಯಗಳಿಗೆ, ಅಂದರೆ ಅಪರಾಧ ತಡೆಯುವ ಕ್ರಮಗಳಿಗೆ, ಸಂಬಂಧಿಸಿರಬೇಕು. ಹಿಂದೆ ನಡೆದ ಅಪರಾಧದ ತನಿಖೆಗಾಗಿ ಚೀಲ ಬಿಚ್ಚಿ ತೋರಿಸೆನ್ನುವುದು ಮೇಲ್ನೋಟಕ್ಕೆ ಇದರೊಳಗೆ ಬರುವುದಿಲ್ಲ.

3. ವಾಹನ ತಪಾಸಣೆ

ಮೋಟಾರು ವಾಹನ ಕಾಯಿದೆ, 1988ರ ಕಲಂ 130(1)ರಂತೆ ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿ ಕೇಳಿದಾಗ ಚಾಲಕ ಪರವಾನಗಿ ತೋರಿಸಬೇಕು. ‘ಸಮವಸ್ತ್ರದಲ್ಲಿರುವ’ ಎಂಬ ವಿಶೇಷಣ ಉಸಿರಾಟ ಪರೀಕ್ಷೆಯ ಕಲಂ 203ರಲ್ಲೂ ಇದೆ. 2018ರ ನವೆಂಬರ್‌ನಲ್ಲಿ ತಿದ್ದುಪಡಿಯಾದ ಕೇಂದ್ರ ನಿಯಮ 139 ವಿದ್ಯುನ್ಮಾನ ರೂಪದ ದಾಖಲೆಯನ್ನೂ ಒಪ್ಪುತ್ತದೆ. ಪರವಾನಗಿ ಕೇಳುವ ಅಧಿಕಾರ ಡಿಕ್ಕಿ ತೆಗೆಸುವ ಅಧಿಕಾರವಲ್ಲ. ಎರಡನೆಯದಕ್ಕೆ ಬೇರೆ ಕಲಂ ತೋರಿಸಬೇಕು.

4. ಕಾಗದಗಳು

ಶೋಧನೆಗೆ ಒಳಗಾದವರಿಗೆ ಸಲ್ಲಬೇಕಾದ ಕಾಗದಗಳು ಒಂದೆಡೆ ಪಟ್ಟಿಯಾಗಿಲ್ಲ. ಕಲಂವಾರು ಹುಡುಕಿದಾಗ ಸಿಗುವುದು ಇಷ್ಟು.

ಸ್ಥಳದ ಶೋಧನೆಯಲ್ಲಿ ವಶಪಡಿಸಿಕೊಂಡ ವಸ್ತುಗಳು ಮತ್ತು ಅವು ಸಿಕ್ಕ ಜಾಗಗಳ ಪಟ್ಟಿಗೆ ಪಂಚರ ಸಹಿ ಇರಬೇಕು [103(5)]. ಸ್ಥಳದಲ್ಲಿ ವಾಸವಿರುವವರಿಗೆ ಶೋಧನೆಯುದ್ದಕ್ಕೂ ಹಾಜರಿರಲು ಅವಕಾಶ, ಪಟ್ಟಿಯ ಪ್ರತಿ ಎರಡೂ ಸಲ್ಲಬೇಕು [103(6)]. 103(3)ರಡಿ ಅಂಗಶೋಧನೆಯಾದರೆ ಆ ವ್ಯಕ್ತಿಗೆ ಪ್ರತ್ಯೇಕ ಪಟ್ಟಿ, ಅದರ ಪ್ರತಿ [103(7)]. ದಸ್ತಗಿರಿಯ ನಂತರದ ಶೋಧನೆಗೆ ಕಲಂ 49 ಕೇಳುವುದು ‘ರಸೀದಿ’. ಪಂಚರ ಪ್ರಸ್ತಾಪ ಅಲ್ಲಿಲ್ಲ. ಠಾಣೆಗಳು ಎರಡಕ್ಕೂ ಮಹಜರು ಎಂದೇ ಹೆಸರಿಡುವುದರಿಂದ ಈ ವ್ಯತ್ಯಾಸ ಸುಲಭವಾಗಿ ಮರೆಯಾಗುತ್ತದೆ.

ವಾರಂಟಿಲ್ಲದೆ ತನಿಖಾಧಿಕಾರಿ ಮಾಡುವ ಸ್ಥಳಶೋಧನೆಗೆ (ಕಲಂ 185, ಹಿಂದಿನ 165) ಮುನ್ನ ನಂಬಿಕೆಯ ಕಾರಣಗಳನ್ನು ಬರೆದಿಡಬೇಕು. ಆ ದಾಖಲೆಯ ಪ್ರತಿಗಳು ಸಂಜ್ಞೇಯತೆ ವಹಿಸಬಲ್ಲ ಹತ್ತಿರದ ಮ್ಯಾಜಿಸ್ಟ್ರೇಟರಿಗೆ ‘ತಕ್ಷಣ’ ಹೋಗಬೇಕೆಂದು ಹಿಂದಿನ ಸಂಹಿತೆ ಹೇಳಿತ್ತು. ಈಗ ಅದಕ್ಕೆ 48 ಗಂಟೆಗಳ ಮಿತಿ ಸೇರಿದೆ. ಮನೆಯವರು ಅರ್ಜಿ ಕೊಟ್ಟರೆ ಮ್ಯಾಜಿಸ್ಟ್ರೇಟರು ಪ್ರತಿಯನ್ನು ಉಚಿತವಾಗಿ ಕೊಡಬೇಕು. ಈ ಉಚಿತ ಪ್ರತಿ ಹಿಂದಿನ ಸಂಹಿತೆಯಲ್ಲೂ ಇತ್ತು. ಕೇಳಬಹುದೆಂಬ ತಿಳಿವಳಿಕೆ ಇನ್ನಷ್ಟು ಹರಡಬೇಕಾದ ಹಕ್ಕು ಇದು.

ಪಂಚರ ಅರ್ಹತೆಯ ಪಠ್ಯವೂ ಒಂದೇ ರೀತಿ ಉಳಿದಿಲ್ಲ. 1898ರ ಸಂಹಿತೆಯ ಕಲಂ 103 ಕೇಳಿದ್ದು ಆ ಪ್ರದೇಶದ ಇಬ್ಬರು ಅಥವಾ ಹೆಚ್ಚು ಗೌರವಾನ್ವಿತ ನಿವಾಸಿಗಳನ್ನು. 1973ರಲ್ಲಿ ‘ಸ್ವತಂತ್ರ’ ಎಂಬ ಪದ ಸೇರಿತು. ಜೊತೆಗೆ, ಸ್ಥಳೀಯರು ಸಿಗದಿದ್ದರೆ ಅಥವಾ ಒಪ್ಪದಿದ್ದರೆ ಬೇರೆ ಪ್ರದೇಶದವರನ್ನು ಕರೆಯುವ ಅವಕಾಶವೂ ಬಂತು. ಒಂದೇ ತಿದ್ದುಪಡಿಯಲ್ಲಿ ಒಂದು ಕಡೆ ಬಿಗಿ, ಇನ್ನೊಂದು ಕಡೆ ಸಡಿಲ. ಲಿಖಿತ ಆದೇಶ ಬಂದ ಮೇಲೂ ಸಕಾರಣವಿಲ್ಲದೆ ಪಂಚರಾಗಲು ನಿರಾಕರಿಸುವುದು ಅಪರಾಧ [103(8), ಭಾರತೀಯ ನ್ಯಾಯ ಸಂಹಿತೆ ಕಲಂ 222].

5. ಕಲಂ 105ರ ಚಿತ್ರೀಕರಣ

ಹೊಸ ಸಂಹಿತೆಯ ಮುಖ್ಯ ಸೇರ್ಪಡೆ ಇದು. ಶೋಧನೆ, ಜಪ್ತಿ, ಪಟ್ಟಿ ತಯಾರಿ ಮತ್ತು ಪಂಚರ ಸಹಿಯ ಪ್ರಕ್ರಿಯೆಯನ್ನು ದೃಶ್ಯ-ಶ್ರವ್ಯ ಸಾಧನದಲ್ಲಿ, ಮೇಲಾಗಿ ಮೊಬೈಲ್ ಫೋನಿನಲ್ಲಿ, ದಾಖಲಿಸಬೇಕು. ವಿಳಂಬವಿಲ್ಲದೆ ಮ್ಯಾಜಿಸ್ಟ್ರೇಟರಿಗೆ ಕಳಿಸಬೇಕು. ಪಠ್ಯವನ್ನು ಪದಶಃ ಓದಿದರೆ ಮೂರು ವ್ಯತ್ಯಾಸಗಳು ಕಾಣುತ್ತವೆ.

ಮೊದಲನೆಯದು ವ್ಯಾಪ್ತಿಯದು. ಕಲಂ ಹೇಳುವುದು ‘ಸ್ಥಳದ ಶೋಧನೆ’ ಮತ್ತು ‘ಈ ಅಧ್ಯಾಯ ಅಥವಾ ಕಲಂ 185ರ’ ಅಡಿಯ ಸ್ವಾಧೀನ. ಅದು ಇರುವುದು 7ನೇ ಅಧ್ಯಾಯದಲ್ಲಿ. ದಸ್ತಗಿರಿಯ ನಂತರದ ಅಂಗಶೋಧನೆಯ ಕಲಂ 49 ಇರುವುದು 5ನೇ ಅಧ್ಯಾಯದಲ್ಲಿ. ಹಾಗಾಗಿ ರಸ್ತೆಯಲ್ಲಿ ದಸ್ತಗಿರಿ ಮಾಡಿ ಜೇಬು ನೋಡುವ ಕ್ರಿಯೆ ಅಕ್ಷರಶಃ 105ರ ಹೊರಗೆ ಉಳಿಯಬಹುದು. ಅದೇ ಜೇಬಿನ ವಸ್ತುವನ್ನು 106ರಡಿ ಜಪ್ತಿ ಮಾಡಿದರೆ ಜಪ್ತಿ ಮಾತ್ರ ಒಳಗೆ ಬರುತ್ತದೆ. ಉದ್ದೇಶ ನೋಡಿ ವಿಶಾಲವಾಗಿ ಅರ್ಥೈಸುವುದಕ್ಕೆ ಅಡ್ಡಿಯಿಲ್ಲ. ಈ ಟಿಪ್ಪಣಿಯ ಒಲವೂ ಅತ್ತಲೇ: ವಿವಾದ ಹೆಚ್ಚಾಗಿ ಹುಟ್ಟುವುದು ‘ವಸ್ತು ಎಲ್ಲಿಂದ ಬಂತು’ ಎಂಬ ಆ ಕ್ಷಣದ ಬಗ್ಗೆ.

ಎರಡನೆಯದು ವಿಳಾಸದ್ದು. 185(5)ರ ಲಿಖಿತ ದಾಖಲೆ ಹೋಗುವುದು ಸಂಜ್ಞೇಯತೆ ವಹಿಸಬಲ್ಲ ಮ್ಯಾಜಿಸ್ಟ್ರೇಟರಿಗೆ. 105ರ ಚಿತ್ರಿಕೆ ಜಿಲ್ಲಾ ಮ್ಯಾಜಿಸ್ಟ್ರೇಟ್, ಉಪವಿಭಾಗೀಯ ಮ್ಯಾಜಿಸ್ಟ್ರೇಟ್ ಅಥವಾ ಪ್ರಥಮ ದರ್ಜೆ ನ್ಯಾಯಿಕ ಮ್ಯಾಜಿಸ್ಟ್ರೇಟ್, ಈ ಮೂವರಲ್ಲಿ ಯಾರಿಗಾದರೂ ಹೋಗಬಹುದು. ಮೊದಲ ಇಬ್ಬರು ಕಾರ್ಯಾಂಗದ ಅಧಿಕಾರಿಗಳು. ಒಂದೇ ಶೋಧನೆಯ ಕಾಗದ ಒಂದು ಕಚೇರಿಯಲ್ಲೂ ಚಿತ್ರಿಕೆ ಇನ್ನೊಂದರಲ್ಲೂ ಇರುವ ಸಾಧ್ಯತೆಯನ್ನು ಪಠ್ಯವೇ ತೆರೆದಿಟ್ಟಿದೆ.

ಮೂರನೆಯದು ಅವಧಿ ಮತ್ತು ಪ್ರತಿಯದು. ಒಂದಕ್ಕೆ 48 ಗಂಟೆ, ಇನ್ನೊಂದಕ್ಕೆ ‘ವಿಳಂಬವಿಲ್ಲದೆ’ ಮಾತ್ರ. ಕಾಗದದ ಪ್ರತಿ ಉಚಿತವೆಂದು ಬರೆದಿದೆ. ಚಿತ್ರಿಕೆಯ ಪ್ರತಿಯ ಬಗ್ಗೆ ಕಲಂ 105 ಮೌನವಾಗಿದೆ.

6. ಎನ್‌ಡಿಪಿಎಸ್ ಕಾಯಿದೆಯ ಕಲಂ 50

ಮಾದಕ ದ್ರವ್ಯಗಳ ಈ 1985ರ ಕಾಯಿದೆಯಲ್ಲಿ ಅಂಗಶೋಧನೆಗೆ ಪ್ರತ್ಯೇಕ ರಕ್ಷಣೆಯಿದೆ: ವ್ಯಕ್ತಿ ಬಯಸಿದರೆ ಅವರನ್ನು ಹತ್ತಿರದ ಪತ್ರಾಂಕಿತ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟರ ಮುಂದೆ ಕರೆದೊಯ್ಯಬೇಕು. ಹೀಗೆ ಬಯಸುವ ಹಕ್ಕಿದೆ ಎಂದು ಅವರಿಗೆ ತಿಳಿಸಲೇಬೇಕು ಎಂಬುದು ಬಲದೇವ್ ಸಿಂಗ್ ತೀರ್ಪಿನಲ್ಲಿ (ಸಂವಿಧಾನ ಪೀಠ, 1999) ಸ್ಥಿರಗೊಂಡಿತು. ನಂತರದ ಕೆಲವು ತೀರ್ಪುಗಳು ‘ಗಣನೀಯ ಪಾಲನೆ’ ಸಾಕೆಂಬತ್ತ ವಾಲಿದವು. ಜಡೇಜಾ ತೀರ್ಪು (ಸಂವಿಧಾನ ಪೀಠ, 2010ರ ಅಕ್ಟೋಬರ್ 29) ಅದನ್ನು ಒಪ್ಪದೆ ಕಟ್ಟುನಿಟ್ಟಿನ ಪಾಲನೆಯನ್ನೇ ಎತ್ತಿಹಿಡಿಯಿತು. ಇಬ್ಬರನ್ನು ಒಟ್ಟಿಗೆ ತಡೆದಾಗ ಇಬ್ಬರಿಗೂ ಸೇರಿಸಿ ಒಂದೇ ತಿಳಿವಳಿಕೆ ಕೊಡುವುದು ಸಾಲದು ಎಂದು 2014ರ ಪರಮಾನಂದ್ ತೀರ್ಪು ಹೇಳಿತು.

ಮಹಜರಿನ ಭಾಷೆಗೆ ಇಲ್ಲಿ ತೂಕವಿದೆ. ‘ಪತ್ರಾಂಕಿತ ಅಧಿಕಾರಿಯ ಮುಂದೆ ಶೋಧನೆ ಬೇಕೇ?’ ಎಂದು ಕೇಳುವುದಕ್ಕೂ, ‘ಹಾಗೆ ಬಯಸಲು ನಿಮಗೆ ಕಾನೂನಿನ ಹಕ್ಕಿದೆ’ ಎಂದು ತಿಳಿಸುವುದಕ್ಕೂ ವ್ಯತ್ಯಾಸವಿದೆ. ಮೊದಲನೆಯದು ಆಯ್ಕೆ ಮುಂದಿಡುತ್ತದೆ. ತೀರ್ಪುಗಳ ಒತ್ತು ಇರುವುದು ಎರಡನೆಯದರ ಮೇಲೆ. ಮೊದಲ ವಾಕ್ಯವಷ್ಟೇ ಇರುವ ಕನ್ನಡ ಮಹಜರು ಕಟ್ಟುನಿಟ್ಟಿನ ಒರೆಗೆ ನಿಲ್ಲುವುದು ಬಹುಶಃ ಕಷ್ಟ.

ಎರಡು ಮಿತಿಗಳು: 2005ರ ಪವನ್ ಕುಮಾರ್ ತೀರ್ಪಿನಂತೆ ಕೈಯಲ್ಲಿರುವ ಚೀಲ ‘ವ್ಯಕ್ತಿ’ಯ ಭಾಗವಲ್ಲ, ಚೀಲದ ಶೋಧನೆಗೆ ಕಲಂ 50 ಅನ್ವಯಿಸದು. 2001ರ ತಿದ್ದುಪಡಿಯಲ್ಲಿ ಸೇರಿದ 50(5)ರಂತೆ, ಕರೆದೊಯ್ಯುವಷ್ಟರಲ್ಲಿ ವಸ್ತು ಕೈತಪ್ಪುತ್ತದೆಂದು ನಂಬಲು ಕಾರಣವಿದ್ದರೆ ಅಧಿಕಾರಿಯೇ ಶೋಧಿಸಬಹುದು. ಕಾರಣ ಬರೆದು 72 ಗಂಟೆಯೊಳಗೆ ಮೇಲಧಿಕಾರಿಗೆ ಕಳಿಸಬೇಕು.

7. ಮೊಬೈಲ್ ಫೋನು

ಫೋನನ್ನು ವಶಪಡಿಸಿಕೊಳ್ಳುವುದೂ ಅದರೊಳಗನ್ನು ನೋಡುವುದೂ ಬೇರೆ. 2021ರ ಮಾರ್ಚ್ 12ರಂದು ಕರ್ನಾಟಕ ಹೈಕೋರ್ಟಿನ ಏಕಸದಸ್ಯ ಪೀಠ ಎರಡನೆಯದನ್ನು ಶೋಧನೆಯೆಂದೇ ಪರಿಗಣಿಸಿ, ಸಾಮಾನ್ಯವಾಗಿ ವಾರಂಟು ಬೇಕು, ತುರ್ತಿನಲ್ಲಿ ಕಾರಣಗಳನ್ನು ಬರೆದಿಡಬೇಕು ಎಂದಿತು. ಪಾಸ್‌ವರ್ಡ್ ಕೊಡುವುದು ಸಂವಿಧಾನದ ಅನುಚ್ಛೇದ 20(3) ನಿಷೇಧಿಸುವ ಸ್ವ-ಸಾಕ್ಷ್ಯವಲ್ಲ ಎಂದೂ ಹೇಳಿತು. 2022ರಲ್ಲಿ ದೆಹಲಿಯ ವಿಶೇಷ ಸಿಬಿಐ ನ್ಯಾಯಾಲಯ ಪಾಸ್‌ವರ್ಡ್ ವಿಷಯದಲ್ಲಿ ವಿರುದ್ಧ ನಿಲುವು ತಳೆಯಿತು. ಎರಡೂ ಒಂದೇ ದರ್ಜೆಯ ನ್ಯಾಯಾಲಯಗಳಲ್ಲ. ಕರ್ನಾಟಕದ ಮಟ್ಟಿಗೆ ಮೊದಲನೆಯದಕ್ಕೇ ಹೆಚ್ಚಿನ ಬಲ. ಆದರೆ ಎರಡೂ ನೆರವು ಪಡೆಯಬೇಕಾದ ಮೂಲ ಒಂದೇ, 2010ರ ಮೇ 5ರ ಸೆಲ್ವಿ ತೀರ್ಪು. ಮಂಪರು ಪರೀಕ್ಷೆ ಕುರಿತ ಆ ಮೊಕದ್ದಮೆಯಲ್ಲೂ ಎದುರುವಾದಿ ಕರ್ನಾಟಕ ರಾಜ್ಯವೇ ಆಗಿತ್ತು.

8. ಲೋಪದ ಪರಿಣಾಮ

ಎಂ.ಪಿ. ಶರ್ಮಾ ತೀರ್ಪಿನಲ್ಲಿ (1954, ಎಂಟು ನ್ಯಾಯಮೂರ್ತಿಗಳು) ಶೋಧನೆಯ ವಿರುದ್ಧ ಖಾಸಗಿತನದ ಹಕ್ಕನ್ನು ಸಂವಿಧಾನದಲ್ಲಿ ಓದಲು ಸುಪ್ರೀಂ ಕೋರ್ಟು ಒಪ್ಪಿರಲಿಲ್ಲ. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಆ ಭಾಗವನ್ನು ರದ್ದುಮಾಡಿತು. ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆದರೆ ಅಕ್ರಮ ಶೋಧನೆಯಲ್ಲಿ ಸಿಕ್ಕ ವಸ್ತು, ಪ್ರಸ್ತುತವಾಗಿದ್ದರೆ, ಸಾಕ್ಷ್ಯವಾಗಬಲ್ಲದು ಎಂಬ ಪೂರಣ್ ಮಲ್ ತೀರ್ಪು (ಸಂವಿಧಾನ ಪೀಠ, 1973ರ ಡಿಸೆಂಬರ್) ಆ ರದ್ದತಿಯ ವ್ಯಾಪ್ತಿಗೆ ಬಂದಿಲ್ಲ. ಲೋಪವಿರುವ ಶೋಧನೆಯ ಸಾಕ್ಷ್ಯವನ್ನು ನ್ಯಾಯಾಲಯ ಹೆಚ್ಚು ಎಚ್ಚರದಿಂದ ಪರಿಶೀಲಿಸಬಹುದು ಎಂದಷ್ಟೇ 1963ರ ರಾಧಾಕಿಶನ್ ತೀರ್ಪು ಹೇಳಿತ್ತು.

ಎನ್‌ಡಿಪಿಎಸ್ ಕಲಂ 50 ಇದಕ್ಕೆ ಅಪವಾದ: ಹಕ್ಕನ್ನು ತಿಳಿಸದೆ ಮಾಡಿದ ಅಂಗಶೋಧನೆಯಲ್ಲಿ ಸಿಕ್ಕ ವಸ್ತುವೊಂದರ ಮೇಲೆಯೇ ನಿಂತ ಶಿಕ್ಷೆ ಉಳಿಯದು. ಹೀಗೆ, ಅಂಗಿಯ ಜೇಬಿನಲ್ಲಿ ಸಿಕ್ಕ ಪೊಟ್ಟಣಕ್ಕೆ ಒಂದು ನಿಯಮ, ಭುಜದ ಚೀಲದಲ್ಲಿ ಸಿಕ್ಕ ಅದೇ ಪೊಟ್ಟಣಕ್ಕೆ ಇನ್ನೊಂದು. ಕಲಂ 105ರ ಚಿತ್ರೀಕರಣ ಮಾಡದಿದ್ದರೆ ಇವೆರಡರಲ್ಲಿ ಯಾವ ಸಾಲಿಗೆ ಸೇರುತ್ತದೆ ಎಂಬುದನ್ನು ಸಂಹಿತೆಯ ಪಠ್ಯ ಹೇಳುವುದಿಲ್ಲ. ಅದು ‘ಮಾಡತಕ್ಕದ್ದು’ ಎಂಬ ಕ್ರಿಯಾಪದದಲ್ಲಿ ನಿಲ್ಲುತ್ತದೆ.